ಮಸಲ್ ಕಾರಿಗೆ ಆಲ್-ವೀಲ್ ಡ್ರೈವ್: ಶುರು ಮಾಡಬೇಕಾದ್ದು ಆಯಿಲ್ ಪ್ಯಾನ್‌ನಿಂದ

ಮಸಲ್ ಕಾರು, ಅಂದರೆ ದೊಡ್ಡ ಎಂಜಿನ್ನಿನ ಅಮೆರಿಕನ್ ಕಾರು, ಸಾಮಾನ್ಯವಾಗಿ ಹಿಂಚಕ್ರಗಳಿಂದ ಓಡುತ್ತದೆ. ಅದರ ನಾಲ್ಕೂ ಚಕ್ರಕ್ಕೆ ಬಲ ಕೊಡುವ ಕೆಲಸಕ್ಕೆ ಕೈ ಹಾಕುವವರಲ್ಲಿ ಹೆಚ್ಚಿನವರು ಮೊದಲು ಟ್ರಾನ್ಸ್‌ಫರ್ ಕೇಸ್ (ಗೇರ್‌ಬಾಕ್ಸಿನ ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಪೆಟ್ಟಿಗೆ) ಕೊಂಡು ತರುತ್ತಾರೆ, ಆಮೇಲೆ ಕಾರಿನಡಿ ಮಲಗಿ ನೋಡುತ್ತಾರೆ. ಕ್ರಮ ಇದಕ್ಕೆ ತದ್ವಿರುದ್ಧ ಇರಬೇಕು. ಹಿಂಚಕ್ರಗಳಿಂದ ಓಡುವ ವಿ8 ಕಾರಿನಲ್ಲಿ ಮುಂದಿನ ಎರಡು ಚಕ್ರಗಳ ನಡುವೆ ನೇರ ಗೆರೆ ಎಳೆದರೆ ಅದು ಎಂಜಿನ್ನಿನ ಅಡಿಯ ಎಣ್ಣೆ ತಟ್ಟೆಯಾದ ಆಯಿಲ್ ಪ್ಯಾನನ್ನೋ ಅಡ್ಡತೊಲೆಯಾದ ಕ್ರಾಸ್ ಮೆಂಬರನ್ನೋ ತೂರಿಕೊಂಡೇ ಹೋಗುತ್ತದೆ, ಕೆಲವು ಕಾರುಗಳಲ್ಲಿ ಎರಡನ್ನೂ. ಮುಂಚಕ್ರಗಳನ್ನು ತಿರುಗಿಸುವ ಆಕ್ಸಲ್ ಹೋಗಬೇಕಾದ ದಾರಿಯೂ ಅದೇ. ಆ ಜಾಗದ ಜಗಳ ಬಗೆಹರಿಯುವ ತನಕ ಬೇರೆ ಯಾವ ಭಾಗಕ್ಕೂ ದುಡ್ಡು ಹಾಕಬೇಡಿ.

ಅಳತೆ

ಟ್ಯಾಂಕ್ ತುಂಬಿಸಿ, ಓಡಿಸುವಾಗ ಹಾಕುವ ಚಕ್ರಗಳನ್ನೇ ಹಾಕಿ, ಸಮತಟ್ಟಾದ ಕಾಂಕ್ರೀಟ್ ಮೇಲೆ ಕಾರನ್ನು ನಿಲ್ಲಿಸಿ. ಜ್ಯಾಕ್ ಮೇಲೆ ಎತ್ತಿ ತೆಗೆದ ಅಳತೆ ಸುಳ್ಳು ಹೇಳುತ್ತದೆ, ಏಕೆಂದರೆ ಸಸ್ಪೆನ್ಷನ್ ಜೋತುಬಿದ್ದಿರುತ್ತದೆ. ಎರಡೂ ಮುಂದಿನ ಹಬ್‌ಗಳ ನಡುಬಿಂದುವಿನಿಂದ ತೂಗುಗುಂಡು ಇಳಿಬಿಟ್ಟು ನೆಲದ ಮೇಲೆ ಗುರುತು ಹಾಕಿ, ಗುರುತುಗಳ ನಡುವೆ ಬಣ್ಣದ ದಾರ ಮಿಡಿದು ಗೆರೆ ಹೊಡೆಯಿರಿ. ಈಗ ಬೇಕಾದ್ದು ಐದು ಅಳತೆ: ಹಬ್ ಕೇಂದ್ರದ ಎತ್ತರ, ಪ್ಯಾನ್ ತಳದ ಎತ್ತರ, ಗೆರೆಯಿಂದ ಪ್ಯಾನಿನ ಆಳದ ಭಾಗ ಎಷ್ಟು ಮುಂದೆ ಅಥವಾ ಹಿಂದೆ ಇದೆ ಎಂಬುದು, ಗೆರೆಯಿಂದ ಬೆಲ್ ಹೌಸಿಂಗ್‌ಗೆ (ಎಂಜಿನ್ನಿಗೆ ಗೇರ್‌ಬಾಕ್ಸ್ ಸೇರುವ ಕವಚ) ಇರುವ ದೂರ, ಮತ್ತು ಎಂಜಿನ್ನಿನ ಮೇಲ್ತುದಿಗೂ ಬಾನೆಟ್ಟಿಗೂ ನಡುವಿನ ಸಂದು. ಕೊನೆಯದಕ್ಕೆ ಏರ್ ಕ್ಲೀನರ್ ಮೇಲೆ ಒಂದು ಮುದ್ದೆ ಜೇಡಿಮಣ್ಣಿಟ್ಟು ಬಾನೆಟ್ ಮುಚ್ಚಿ ತೆರೆಯಿರಿ, ಚಪ್ಪಟೆಯಾದ ಮಣ್ಣಿನ ದಪ್ಪವೇ ಉತ್ತರ.

ಪರಿಹಾರ ಮೂರೇ ಮೂರು.

ಒಂದು, ಆಕ್ಸಲ್ ತೂರಿಹೋಗುವ ಪ್ಯಾನ್. ಡಿಫರೆನ್ಷಿಯಲ್ (ಎಡಬಲ ಚಕ್ರಗಳಿಗೆ ಬಲ ಹಂಚುವ ಗೇರ್ ಪೆಟ್ಟಿಗೆ) ಪ್ಯಾನಿನ ಪಕ್ಕಕ್ಕೆ ಬೋಲ್ಟ್ ಆಗುತ್ತದೆ, ಆಚೆ ಬದಿಗೆ ಹೋಗುವ ಶಾಫ್ಟ್ ಪ್ಯಾನಿನೊಳಗೇ ಇರುವ ಕೊಳವೆಯಲ್ಲಿ ಸಾಗುತ್ತದೆ. ಬಿಎಂಡಬ್ಲ್ಯು ಎಕ್ಸ್‌ಡ್ರೈವ್, ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್, ಷೆವರ್ಲೆ ಟ್ರೇಲ್‌ಬ್ಲೇಜರ್ ಎಲ್ಲದರಲ್ಲೂ ಇದೇ ಉಪಾಯ. ನಿಮ್ಮ ಎಂಜಿನ್ ಕುಟುಂಬಕ್ಕೆ ಕಾರ್ಖಾನೆಯೇ ಇಂಥ ಪ್ಯಾನ್ ಮಾಡಿದ್ದರೆ ಎರಡನೇ ಯೋಚನೆ ಬೇಡ. ನೀವೇ ಕೊಳವೆ ಬೆಸೆಯುವುದಾದರೆ, ಬೆಸುಗೆ ಮುಗಿದ ಮೇಲೆ ಹೊರಗಡೆ ಸುಣ್ಣದ ಪುಡಿ ಸವರಿ, ಒಳಗೆ ಸೀಮೆಎಣ್ಣೆ ತುಂಬಿ ಒಂದು ರಾತ್ರಿ ಬಿಡಿ. ಬೆಳಗ್ಗೆ ಸುಣ್ಣದಲ್ಲಿ ಒದ್ದೆ ಚುಕ್ಕೆ ಕಂಡರೆ ಅಲ್ಲಿ ಸೂಜಿರಂಧ್ರ ಇದೆ. ಎಣ್ಣೆ ಹೀರುವ ಆಯಿಲ್ ಪಿಕಪ್ ಬಾಯಿಗೂ ಪ್ಯಾನ್ ತಳಕ್ಕೂ 6ರಿಂದ 10 ಮಿ.ಮೀ. ಸಂದು ಇರಲಿ. ಕೊಳವೆ ನುಂಗಿದಷ್ಟು ಎಣ್ಣೆ ಪ್ಯಾನಿನಲ್ಲಿ ಕಮ್ಮಿಯಾಗುತ್ತದೆ, ಅದನ್ನು ಪಕ್ಕಕ್ಕೆ ಅಗಲಿಸಿ ತುಂಬಿಕೊಳ್ಳಿ.

ಎರಡು, ಎಂಜಿನ್ನನ್ನೇ 25ರಿಂದ 50 ಮಿ.ಮೀ. ಎತ್ತುವುದು. ಕೇಳಲು ಸುಲಭ. ಆದರೆ ಬಾನೆಟ್ಟಿಗೆ ಗೂನು ಬರುತ್ತದೆ, ಗುರುತ್ವ ಕೇಂದ್ರ ಏರುತ್ತದೆ, ಹಿಂದಿನ ಆಕ್ಸಲ್‌ಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೋನವೂ ಕೆಡುತ್ತದೆ.

ಮೂರು, ಡ್ರೈ ಸಂಪ್. ಪ್ಯಾನ್ ತೆಳ್ಳಗಾಗುತ್ತದೆ, ಎಣ್ಣೆ ಬೇರೆ ಟ್ಯಾಂಕಿಗೆ ಹೋಗುತ್ತದೆ. ರೇಸಿಗೆ ಚೆನ್ನ. ದಿನಬಳಕೆಯ ಕಾರಿಗೆ ಮೂಗಿಗಿಂತ ಮೂಗುತಿ ಭಾರ.

ಭಾಗಗಳಿಗೆ ಯಾವ ಗಾಡಿ ಬಿಚ್ಚಬೇಕು

ಬಿಡಿ ಬಿಡಿಯಾಗಿ ಹುಡುಕುವುದಕ್ಕಿಂತ ಇಡೀ ಒಂದು ಹಳೆಯ ಗಾಡಿ ಕೊಂಡು ಬಿಚ್ಚುವುದು ಅಗ್ಗ. ಹತ್ತಾರು ಬ್ರಾಕೆಟ್, ಸೆನ್ಸರ್, ವೈರಿಂಗ್ ತುಂಡು, ಯಾರೂ ಪಟ್ಟಿಯಲ್ಲಿ ಬರೆಯದ ಬೋಲ್ಟುಗಳು ಜೊತೆಗೇ ಬರುತ್ತವೆ.

ಡಾಡ್ಜ್ ಚಾಲೆಂಜರ್ ಇರುವವರು ಅದೃಷ್ಟವಂತರು. ಅದರ ಬಂಧುಗಳಾದ ಚಾರ್ಜರ್ ಮತ್ತು ಕ್ರೈಸ್ಲರ್ 300 ಎರಡರಲ್ಲೂ 5.7 ಲೀಟರ್ ಹೆಮಿ ವಿ8 ಎಂಜಿನ್ ಜೊತೆ ಆಲ್-ವೀಲ್ ಡ್ರೈವ್ ಬಂದಿತ್ತು. ಚಾಲೆಂಜರ್‌ಗೆ ಮಾತ್ರ ಅದು ಸಿಕ್ಕಿದ್ದು 2017ರಲ್ಲಿ, ಅದೂ 3.6 ಲೀಟರ್ ವಿ6ಗೆ. ಅಂದರೆ ದೇಹ ಒಂದು ಕಾರಿನದು, ಎಂಜಿನ್ ಸುತ್ತಲಿನ ಭಾಗ ಇನ್ನೊಂದರದು, ಎರಡೂ ಕಾರ್ಖಾನೆಯ ಸರಕೇ. ಸಬ್‌ಫ್ರೇಮ್ (ಎಂಜಿನ್, ಸಸ್ಪೆನ್ಷನ್ ಹೊರುವ ಚೌಕಟ್ಟು), ನಕಲ್ (ಚಕ್ರದ ಹಬ್ ಹಿಡಿಯುವ ಗೆಣ್ಣು), ಪ್ಯಾನ್, ಎಂಜಿನ್ ಮೌಂಟ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ ಇಷ್ಟನ್ನೂ ಒಂದೇ ಗಾಡಿಯಿಂದ ಗಂಟಾಗಿ ತನ್ನಿ.

ಜಿಎಂ ಕಂಪನಿಯ ಎಲ್‌ಎಸ್ ವಿ8 ಎಂಜಿನ್ ಹಾಕಿದ ಷೆವರ್ಲೆ ಕಮಾರೊ ಅಥವಾ ಶೆವೆಲ್‌ಗೆ 2006ರಿಂದ 2009ರ ಟ್ರೇಲ್‌ಬ್ಲೇಜರ್ ಎಸ್‌ಎಸ್ ಒಳ್ಳೆಯ ಮೂಲ. 6.0 ಲೀಟರ್ ಎಲ್‌ಎಸ್2 ಎಂಜಿನ್, ತೂರುಪ್ಯಾನ್ ಎರಡೂ ಅದರಲ್ಲೇ ಇವೆ. ಫಾಕ್ಸ್ ಎಂಬ ದೇಹವಿನ್ಯಾಸದ ಫೋರ್ಡ್ ಮಸ್ಟಾಂಗ್ 5.0ಗೆ 1996ರಿಂದ 2001ರ ಫೋರ್ಡ್ ಎಕ್ಸ್‌ಪ್ಲೋರರ್ ವಿ8 ನೋಡಿ: ಅದೇ ಕುಟುಂಬದ 5.0 ಎಂಜಿನ್, 4ಆರ್70ಡಬ್ಲ್ಯು ಗೇರ್‌ಬಾಕ್ಸ್, ವಿಸ್ಕಸ್ ಕಪ್ಲಿಂಗ್ (ದಪ್ಪ ದ್ರವದ ಮೂಲಕ ಬಲ ದಾಟಿಸುವ ಜೋಡಣೆ) ಇರುವ ಬೋರ್ಗ್‌ವಾರ್ನರ್ 4404 ಟ್ರಾನ್ಸ್‌ಫರ್ ಕೇಸ್. 1960ರ ದಶಕದ ಬೇರೆ ಕಾರುಗಳಿಗೆ ಇಂಥ ನೆಂಟರಿಲ್ಲ. ಅಲ್ಲಿ ಮುಂಭಾಗದ ಸಬ್‌ಫ್ರೇಮನ್ನು ಹೊಸದಾಗಿ ಕಟ್ಟಲೇಬೇಕು.

ಮುಂದಿನ ಚಕ್ರಕ್ಕೆ ಬೇಕಾದ ಬಲ ಎಷ್ಟು

600 ನ್ಯೂಟನ್-ಮೀಟರ್ ಎಂಜಿನ್, 3.06ರ ಮೊದಲ ಗೇರ್, ಎರಡು ಪಟ್ಟು ಹಿಗ್ಗಿಸುವ ಟಾರ್ಕ್ ಕನ್ವರ್ಟರ್ ಎಂದು ಗುಣಿಸಿದರೆ 3,672 ಬರುತ್ತದೆ. ಅದನ್ನು ನೋಡಿ ಹೆದರಿ ಲಾರಿಯ ಆಕ್ಸಲ್ ಹುಡುಕಲು ಹೊರಡುವವರಿದ್ದಾರೆ. ಮುಂಚಕ್ರ ತಡೆದುಕೊಳ್ಳಬೇಕಾದ ಬಲವನ್ನು ನಿರ್ಧರಿಸುವುದು ಎಂಜಿನ್ನಿಗಿಂತ ಹೆಚ್ಚಾಗಿ ಟೈರಿನ ಹಿಡಿತ.

ಲೆಕ್ಕ ಹೀಗಿದೆ. 1,800 ಕೆ.ಜಿ. ಕಾರು, ನಿಂತಾಗ ಮುಂದೆ 54 ಪ್ರತಿಶತ ಭಾರ. ಗುರುತ್ವ ಕೇಂದ್ರ 0.55 ಮೀಟರ್ ಎತ್ತರ, ವೀಲ್‌ಬೇಸ್ 2.75 ಮೀಟರ್. ಒಂದು ಜಿ ವೇಗೋತ್ಕರ್ಷದಲ್ಲಿ 20 ಪ್ರತಿಶತ ಭಾರ ಹಿಂದಕ್ಕೆ ಸರಿಯುತ್ತದೆ, ಮುಂದೆ ಉಳಿಯುವುದು 34 ಪ್ರತಿಶತ, ಅಂದರೆ 612 ಕೆ.ಜಿ. ಆ ಭಾರಕ್ಕೆ ಟೈರ್ ಹಿಡಿಯಬಲ್ಲದ್ದು ಸುಮಾರು 6,000 ನ್ಯೂಟನ್. 0.35 ಮೀಟರ್ ತ್ರಿಜ್ಯದಿಂದ ಗುಣಿಸಿದರೆ ಆಕ್ಸಲ್‌ನಲ್ಲಿ 2,100 ನ್ಯೂಟನ್-ಮೀಟರ್. ಡಿಫರೆನ್ಷಿಯಲ್‌ನ 3.73 ಗೇರ್ ಅನುಪಾತದಿಂದ ಭಾಗಿಸಿದರೆ ಮುಂದಿನ ಪ್ರೊಪೆಲ್ಲರ್ ಶಾಫ್ಟಿಗೆ ಬರುವುದು 563 ಮಾತ್ರ. ಇದಕ್ಕಿಂತ ಹೆಚ್ಚು ಕೊಟ್ಟರೆ ಟೈರ್ ಜಾರುತ್ತದೆ, ಅಷ್ಟೇ.

ಅಂಟು ಟೈರ್ ಹಾಕಿ 1.3 ಜಿ ತೆಗೆದರೂ ಆಕ್ಸಲ್‌ನ ಲೆಕ್ಕ 2,250ರ ಹತ್ತಿರ ನಿಲ್ಲುತ್ತದೆ. ಹಿಡಿತ ಏರಿದಷ್ಟೂ ಭಾರ ಹಿಂದಕ್ಕೆ ಜಾರುವುದರಿಂದ ಒಂದು ಇನ್ನೊಂದನ್ನು ನುಂಗಿಹಾಕುತ್ತದೆ. 1991ರ ಆಲ್-ವೀಲ್ ಪಿಕಪ್ ಟ್ರಕ್ ಜಿಎಂಸಿ ಸೈಕ್ಲೋನ್ ಮುಂದಕ್ಕೆ 35, ಹಿಂದಕ್ಕೆ 65 ಪ್ರತಿಶತ ಹಂಚಿದ್ದನ್ನು ಈ 34ರ ಪಕ್ಕ ಇಟ್ಟು ನೋಡಿ. ಕಾರು ಕುಪ್ಪಳಿಸುವಾಗ, ಕ್ಲಚ್ ಒಮ್ಮೆಲೇ ಬಿಟ್ಟಾಗ ಬೀಳುವ ಏಟಿಗಾಗಿ ಎರಡು ಪಟ್ಟು ಅಂತರ ಇಟ್ಟುಕೊಂಡು ಭಾಗ ಆರಿಸಿ. ಎಸ್‌ಯುವಿಯ ಮುಂದಿನ ಆಕ್ಸಲ್ ಅಷ್ಟಕ್ಕೆ ಸಾಕಾಗುತ್ತದೆ. ಡ್ರ್ಯಾಗ್ ರೇಸಿನ ಕಾರಿಗಾದರೆ ಡಿಫರೆನ್ಷಿಯಲ್‌ನಿಂದ ಚಕ್ರಕ್ಕೆ ಬಲ ಒಯ್ಯುವ ಸಿವಿ ಶಾಫ್ಟ್‌ಗಳನ್ನು 300ಎಂ ಅಥವಾ 4340 ಉಕ್ಕಿನಲ್ಲಿ ಮಾಡಿಸಿ.

ಟ್ರಾನ್ಸ್‌ಫರ್ ಕೇಸ್

ಪಾರ್ಟ್-ಟೈಮ್ ಕೇಸ್, ಅಂದರೆ ಮುಂದಿನದನ್ನೂ ಹಿಂದಿನದನ್ನೂ ಗಟ್ಟಿಯಾಗಿ ಬೆಸೆಯುವ ಜೀಪ್ ಮಾದರಿಯದು, ಡಾಂಬರು ರಸ್ತೆಗೆ ಸಲ್ಲದು. ಕಾರಣ ಜ್ಯಾಮಿತಿ. 2.75 ಮೀಟರ್ ವೀಲ್‌ಬೇಸಿನ ಕಾರಿನ ಹಿಂದಿನ ಆಕ್ಸಲ್ 5 ಮೀಟರ್ ತ್ರಿಜ್ಯದಲ್ಲಿ ತಿರುಗಿದರೆ ಮುಂದಿನದು 5.7 ಮೀಟರಿನಲ್ಲಿ ತಿರುಗುತ್ತದೆ. 14 ಪ್ರತಿಶತ ಹೆಚ್ಚು ದಾರಿ. ಮಣ್ಣಿನಲ್ಲಿ ಟೈರ್ ಜಾರಿ ಲೆಕ್ಕ ಸರಿಮಾಡಿಕೊಳ್ಳುತ್ತದೆ. ಒಣ ಡಾಂಬರಿನಲ್ಲಿ ಆ ವ್ಯತ್ಯಾಸ ಶಾಫ್ಟುಗಳಲ್ಲಿ ಹುರಿಯಾಗಿ ಸೇರಿಕೊಂಡು ಕೊನೆಗೆ ಚೈನನ್ನೋ ಜಾಯಿಂಟನ್ನೋ ತಿನ್ನುತ್ತದೆ. ಆದ್ದರಿಂದ ನಡುವೆ ಡಿಫರೆನ್ಷಿಯಲ್, ವಿಸ್ಕಸ್ ಕಪ್ಲಿಂಗ್ ಅಥವಾ ನಿಯಂತ್ರಿತ ಕ್ಲಚ್ ಇರುವ ಕೇಸ್ ಬೇಕೇ ಬೇಕು. ಮೊದಲ ಸಲ ಮಾಡುವವರಿಗೆ ಪೂರ್ತಿ ಯಾಂತ್ರಿಕವಾದದ್ದೇ ಒಳ್ಳೆಯದು. ಎಲೆಕ್ಟ್ರಾನಿಕ್ ಕ್ಲಚ್ ಇರುವುದಕ್ಕೆ ಪ್ರತ್ಯೇಕ ಕಂಟ್ರೋಲರ್, ನಾಲ್ಕೂ ಚಕ್ರದ ವೇಗದ ಮಾಹಿತಿ, ಥ್ರಾಟಲ್ ಸಂಕೇತ ಎಲ್ಲ ಬೇಕು.

ಕೊಳ್ಳುವ ಮೊದಲು ಮೂರು ಸಂಗತಿ ನೋಡಿ. ಇನ್‌ಪುಟ್‌ನ ಹಲ್ಲುಗಳನ್ನು ಎಣಿಸಿ: ಜಿಎಂ 4ಎಲ್60ಇ ಗೇರ್‌ಬಾಕ್ಸಿನ ಶಾಫ್ಟಿಗೆ 27, ಟಿಎಚ್400 ಮತ್ತು 4ಎಲ್80ಇಗೆ 32. ಮುಂದಿನ ಔಟ್‌ಪುಟ್ ಯಾವ ಬದಿಗಿದೆಯೋ ಡಿಫರೆನ್ಷಿಯಲ್‌ನ ಪಿನಿಯನ್, ಅಂದರೆ ಬಲ ಒಳತರುವ ಸಣ್ಣ ಗೇರ್, ಆ ಬದಿಗೇ ಬರಬೇಕು. ಎಡಗಡೆ ಸ್ಟಿಯರಿಂಗ್ ಇರುವ ಕಾರಿನಲ್ಲಿ ಎಡಕ್ಕೆ ಬಂದರೆ ಸ್ಟಿಯರಿಂಗ್ ಶಾಫ್ಟ್, ಎಕ್ಸಾಸ್ಟ್ ಹೆಡರ್, ಪ್ರೊಪೆಲ್ಲರ್ ಶಾಫ್ಟ್ ಮೂರೂ ಒಂದೇ ಸಂದಿಯಲ್ಲಿ ಗುದ್ದಾಡುತ್ತವೆ ಎಂಬುದೂ ನೆನಪಿರಲಿ. ಮೂರನೆಯದು ಚೈನ್: ಇನ್‌ಪುಟ್ ಹಿಡಿದು ಔಟ್‌ಪುಟ್ ಅಲ್ಲಾಡಿಸಿದಾಗ ಸಡಿಲವಾಗಿ ಟಕಟಕ ಎಂದರೆ ಚೈನ್ ಹಿಗ್ಗಿದೆ.

ಹಿಂಚಕ್ರ ಚಾಲನೆಯ ಗೇರ್‌ಬಾಕ್ಸನ್ನೇ ಉಳಿಸಿಕೊಳ್ಳುತ್ತೇನೆ ಎನ್ನುವವರಿಗೆ ಒಂದು ಮಾತು. 4ಎಲ್60ಇಯಂಥದರಲ್ಲಿ ಔಟ್‌ಪುಟ್ ಶಾಫ್ಟ್ ಬದಲಿಸಲು ಇಡೀ ಗೇರ್‌ಬಾಕ್ಸ್ ಬಿಚ್ಚಬೇಕು. ಆ ಶ್ರಮದಲ್ಲಿ ಫೋರ್-ವೀಲ್ ಆವೃತ್ತಿಯನ್ನೇ ತಂದು ಕೂರಿಸಬಹುದು.

ಅನುಪಾತ ಮತ್ತು ಟೈರ್

ಈ ಪರಿವರ್ತನೆಗಳು ಹಾಳಾಗುವುದು ಹೆಚ್ಚಾಗಿ ಇಲ್ಲೇ. ಹಿಂದೆ 3.73, ಮುಂದೆ 3.55 ಸಿಕ್ಕಿತು, ಹತ್ತಿರವೇ ಇದೆಯಲ್ಲ ಎಂದು ಹಾಕಿಬಿಡುತ್ತಾರೆ. 3.73 ಅಂದರೆ 41 ಹಲ್ಲಿಗೆ 11, 3.55 ಅಂದರೆ 39ಕ್ಕೆ 11. ವ್ಯತ್ಯಾಸ 5 ಪ್ರತಿಶತ. ಗಂಟೆಗೆ 100 ಕಿ.ಮೀ. ವೇಗದಲ್ಲಿ ನೇರ ರಸ್ತೆಯಲ್ಲೂ ಎರಡು ಶಾಫ್ಟುಗಳ ನಡುವೆ ನಿಮಿಷಕ್ಕೆ 130 ಸುತ್ತಿನಷ್ಟು ಜಗ್ಗಾಟ ಸದಾ ನಡೆದಿರುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಸ್ಥಿತಿ. ವಿಸ್ಕಸ್ ಕಪ್ಲಿಂಗಿನ ಸಿಲಿಕೋನ್ ದ್ರವ ಕಾದು ಹಿಗ್ಗಿ, ಫಲಕಗಳು ಒಂದಕ್ಕೊಂದು ಅಂಟಿ, ಕಪ್ಲಿಂಗ್ ಬೆಸೆದಂತೆ ಆಗಿಬಿಡುತ್ತದೆ.

ಸ್ವಲ್ಪ ವ್ಯತ್ಯಾಸ ನಡೆಯುತ್ತದೆ. 4.10ಕ್ಕೆ 4.09 ಜೋಡಿಸಿದರೆ, ಅಂದರೆ 41ಕ್ಕೆ 10 ಮತ್ತು 45ಕ್ಕೆ 11, ವ್ಯತ್ಯಾಸ ಕಾಲು ಪ್ರತಿಶತಕ್ಕೂ ಕಮ್ಮಿ. ಟೈರನ್ನೂ ಸೇರಿಸಿ ಒಟ್ಟು ವ್ಯತ್ಯಾಸ ಒಂದು ಪ್ರತಿಶತದೊಳಗೆ ಇರಲಿ. ಕವಚದ ಮೇಲಿನ ಚೀಟಿಯನ್ನು ನಂಬಬೇಡಿ, ಮುಚ್ಚಳ ತೆಗೆದು ರಿಂಗ್ ಗೇರ್ ಅಂಚಿನಲ್ಲಿ ಕೊರೆದ ಅಂಕಿ ಓದಿ.

ಹಿಂದೆ ಅಗಲ ಟೈರ್ ಬೇಕೆನ್ನುವ ಆಸೆಯನ್ನು ಬಿಡಬೇಕಾಗಿಲ್ಲ, ವ್ಯಾಸ ಸರಿಹೊಂದಿದರೆ ಸಾಕು. 275/40ಆರ್20 ಟೈರಿನ ವ್ಯಾಸ 728 ಮಿ.ಮೀ., 315/35ಆರ್20ರದ್ದು 728.5. ಜೋಡಿ ಚೆನ್ನಾಗಿದೆ. 305/35ಆರ್20 ಹಾಕಿದರೆ 721.5, ಅಲ್ಲಿಗೆ ನಿಮ್ಮ ಒಂದು ಪ್ರತಿಶತ ಮುಗಿಯಿತು. ಸವೆತವೂ ಲೆಕ್ಕಕ್ಕೆ ಬರುತ್ತದೆ: 8 ಮಿ.ಮೀ. ಮೇಲ್ಮೈ ಇರುವ ಹೊಸ ಟೈರ್ ಮುಂದೆ, 3 ಮಿ.ಮೀ. ಉಳಿದ ಹಳೆಯದು ಹಿಂದೆ ಇದ್ದರೆ ವ್ಯಾಸದಲ್ಲಿ 10 ಮಿ.ಮೀ., ಅಂದರೆ 1.4 ಪ್ರತಿಶತ ವ್ಯತ್ಯಾಸ. ಇನ್ನು ಮುಂದೆ ನಾಲ್ಕೂ ಟೈರನ್ನು ಒಟ್ಟಿಗೇ ಬದಲಿಸಬೇಕು.

ಜೋಡಣೆ

1. ಎಂಜಿನ್, ಗೇರ್‌ಬಾಕ್ಸ್, ಸಬ್‌ಫ್ರೇಮ್ ಇಳಿಸಿ. ಇಳಿಸುವ ಮೊದಲು ಕ್ರ್ಯಾಂಕ್ ಕೇಂದ್ರದ ಜಾಗವನ್ನು ದೇಹದ ಮೂರು ಗಟ್ಟಿ ಬಿಂದುಗಳಿಂದ ಅಳೆದು ಬರೆದಿಡಿ.

2. ಹೊಸ ಸಬ್‌ಫ್ರೇಮನ್ನು ಬೋಲ್ಟ್ ರಂಧ್ರಗಳಿಗೆ ಹೊಂದಿಸಿ. ರಂಧ್ರ ಹೊಂದದಿದ್ದರೆ ದೇಹದ ರೈಲನ್ನು ಕೊರೆಯಬೇಡಿ, ಸಬ್‌ಫ್ರೇಮಿಗೇ ದಪ್ಪ ತಟ್ಟೆ ಬೆಸೆದು ಅದರಲ್ಲಿ ರಂಧ್ರ ಮಾಡಿ. ಕೆಳತೋಳಿನ ಪಿವೋಟುಗಳು ಎಡಬಲ ಸಮವಾಗಿವೆಯೇ ಎಂದು ಕರ್ಣದ ಅಳತೆ ತೆಗೆಯಿರಿ.

3. ಪ್ಯಾನ್, ಡಿಫರೆನ್ಷಿಯಲ್, ಎಂಜಿನ್ ಒಟ್ಟಿಗೆ ಕೂರಿಸಿ. ಹಿಂದಿನ ಡಿಫರೆನ್ಷಿಯಲ್ಲನ್ನೇ ತಿರುಗಿಸಿ ಮುಂದೆ ಹಾಕುವ ಯೋಚನೆ ಹಲವರಿಗೆ ಬರುತ್ತದೆ. ಕಾರು ಮುಂದಕ್ಕೇ ಹೋಗುತ್ತದೆ, ಆದರೆ ಗೇರಿನ ಹಲ್ಲುಗಳು ತಮ್ಮ ದುರ್ಬಲ ಬೆನ್ನಿನ ಮೇಲೆ ಭಾರ ಹೊರುತ್ತವೆ. ಅದನ್ನೇ ತಲೆಕೆಳಗು ಮಾಡಿ ಕೂರಿಸಿದರೆ ಮುಂಚಕ್ರಗಳು ಹಿಂದಕ್ಕೆ ತಿರುಗುತ್ತವೆ! ಮುಂದಿನದಕ್ಕೆಂದೇ ಕಡಿದ ಗೇರ್ ಬೇಕು.

4. ಟ್ರಾನ್ಸ್‌ಫರ್ ಕೇಸ್ ಕೂರಿಸಿ ನೆಲಹಾಸಿನ ತಗಡಿನಲ್ಲಿ ಕತ್ತರಿಸಬೇಕಾದಷ್ಟನ್ನು ಗುರುತಿಸಿ. ಶಾಫ್ಟಿನ ಸುತ್ತ ಕನಿಷ್ಠ 20 ಮಿ.ಮೀ. ಬಿಡಿ, ಎಂಜಿನ್ ಮೌಂಟ್ ಮೇಲೆ ಓಲಾಡುತ್ತದೆ. ಎಕ್ಸಾಸ್ಟ್ ಪಕ್ಕದಲ್ಲಿದ್ದರೆ ಶಾಖತಡೆ ಹಾಕಿ, ಇಲ್ಲವಾದರೆ ಸಿವಿ ಜಾಯಿಂಟಿನ ರಬ್ಬರ್ ಬೂಟ್ ಮೊದಲು ಗಟ್ಟಿಯಾಗಿ ಆಮೇಲೆ ಸೀಳುತ್ತದೆ.

5. ಪ್ರೊಪೆಲ್ಲರ್ ಶಾಫ್ಟುಗಳ ಉದ್ದವನ್ನು ಎಲ್ಲ ಕೂತ ಮೇಲೆಯೇ ಅಳೆಯಿರಿ. ಯುನಿವರ್ಸಲ್ ಜಾಯಿಂಟಿನ ಕೋನ 1ರಿಂದ 3 ಡಿಗ್ರಿ, ಎರಡು ತುದಿಯ ನಡುವೆ ಒಂದು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇರಕೂಡದು. ಸೊನ್ನೆ ಡಿಗ್ರಿಯೂ ಕೆಟ್ಟದ್ದೇ: ಸೂಜಿ ಬೇರಿಂಗ್ ಉರುಳದೆ ಒಂದೇ ಕಡೆ ಗುಳಿ ಬೀಳುತ್ತದೆ. ಗಂಟೆಗೆ 200 ಕಿ.ಮೀ. ವೇಗದಲ್ಲಿ 3.73 ಅನುಪಾತದ ಶಾಫ್ಟ್ ನಿಮಿಷಕ್ಕೆ 5,400 ಸುತ್ತು ಸುತ್ತುತ್ತದೆ, ಬ್ಯಾಲೆನ್ಸ್ ಮಾಡಿಸದೆ ಹಾಕಬೇಡಿ.

ನಕಲ್, ಹಬ್, ಸಿವಿ ಶಾಫ್ಟ್

ಹಿಂಚಕ್ರ ಚಾಲನೆಯ ನಕಲ್‌ನಲ್ಲಿ ಹಬ್ ಕೂರುವುದು ಗಟ್ಟಿ ಕಡ್ಡಿಯ ಮೇಲೆ, ಶಾಫ್ಟ್ ತೂರಲು ತೂತೇ ಇಲ್ಲ. ನಕಲ್ಲೇ ಬದಲಾಗಬೇಕು. ಬದಲಾದಾಗ ಸ್ಟಿಯರಿಂಗ್ ತೋಳಿನ ಎತ್ತರವೂ ಬದಲಾಗಿ, ಗುಂಡಿಗೆ ಬಿದ್ದಾಗಲೆಲ್ಲ ಚಕ್ರ ತಾನೇ ತಿರುಗುವ ಚಟ ಶುರುವಾಗುತ್ತದೆ. ಸ್ಪ್ರಿಂಗ್ ತೆಗೆದು ಚಕ್ರವನ್ನು ಮೇಲೆ ಕೆಳಗೆ ಆಡಿಸಿ, 10 ಮಿ.ಮೀ.ಗೊಮ್ಮೆ ಟೋ (ಚಕ್ರ ಒಳಕ್ಕೋ ಹೊರಕ್ಕೋ ಮುಖ ಮಾಡಿರುವ ಪ್ರಮಾಣ) ಅಳೆದು ಬರೆಯಿರಿ.

ಸ್ಪ್ರಿಂಗ್ ಇಲ್ಲದ ಅದೇ ಸ್ಥಿತಿಯಲ್ಲಿ ಸಿವಿ ಶಾಫ್ಟ್ ಪರೀಕ್ಷೆಯನ್ನೂ ಮುಗಿಸಿ. ಒಳಗಿನ ಟ್ರೈಪಾಡ್ ಜಾಯಿಂಟ್ ಸಾಮಾನ್ಯವಾಗಿ 40ರಿಂದ 50 ಮಿ.ಮೀ. ಒಳಹೊರ ಸರಿಯುತ್ತದೆ. ಪೂರ್ತಿ ಮೇಲೆ, ಪೂರ್ತಿ ಕೆಳಗೆ, ಸ್ಟಿಯರಿಂಗ್ ಎಡತುದಿ, ಬಲತುದಿ, ಹೀಗೆ ಎಲ್ಲ ಜೋಡಣೆಯಲ್ಲೂ ಎರಡೂ ಕೊನೆಗೆ 5 ಮಿ.ಮೀ. ಉಳಿದಿರಬೇಕು. ಉಳಿಯದಿದ್ದರೆ ಒಂದು ಕಡೆ ಜಾಯಿಂಟ್ ಡಿಫರೆನ್ಷಿಯಲ್ಲನ್ನು ಒಳಗಿಂದ ಗುದ್ದುತ್ತದೆ, ಇನ್ನೊಂದು ಕಡೆ ಕಳಚಿ ಬೀಳುತ್ತದೆ. ಕಾರು ನಿಂತ ಎತ್ತರದಲ್ಲಿ ಕೋನ 7 ಡಿಗ್ರಿ ದಾಟದಿರಲಿ. ತಗ್ಗಿಸಿದ ಕಾರು ಬೇಕೆನ್ನುವವರಿಗೆ ಇದೇ ಮೊದಲ ಅಡ್ಡಿ. ಉದ್ದ ಸಾಲದೆಂದು ಶಾಫ್ಟ್ ಕತ್ತರಿಸಿ ಬೆಸೆಯುವುದಂತೂ ಬೇಡವೇ ಬೇಡ: ಶಾಖದಿಂದ ಹದ ಕೆಟ್ಟ ಉಕ್ಕು ಬೆಸುಗೆಯ ಪಕ್ಕದಲ್ಲೇ ತುಂಡಾಗುತ್ತದೆ.

ಇನ್ನೊಂದು ಸಣ್ಣ, ದುಬಾರಿ ತಪ್ಪು. ಇಂಥ ಹಬ್ ಬೇರಿಂಗಿನ ಎರಡು ಭಾಗಗಳನ್ನು ಬಿಗಿಹಿಡಿದಿರುವುದು ಆಕ್ಸಲ್ ನಟ್. ಶಾಫ್ಟ್ ಹಾಕದೆ, ಅಥವಾ ನಟ್ ಬಿಗಿಯದೆ, ಕಾರನ್ನು ಚಕ್ರದ ಮೇಲಿಳಿಸಿ ಗ್ಯಾರೇಜಿನ ಆ ಮೂಲೆಗೆ ತಳ್ಳಿದರೂ ಸಾಕು, ಹೊಸ ಬೇರಿಂಗ್ ಹಾಳು. ನಟ್ ಪ್ರತಿ ಸಲವೂ ಹೊಸದೇ ಆಗಬೇಕು.

ಹೆಚ್ಚುವರಿ ಭಾರ ಬಹುಪಾಲು ಮೂಗಿನ ಮೇಲೇ ಬೀಳುವುದರಿಂದ ಮುಂದಿನ ಸ್ಪ್ರಿಂಗ್ ಗಟ್ಟಿ ಮಾಡಬೇಕಾಗುತ್ತದೆ. ಟೋ ಸೊನ್ನೆಗೆ ಇಡಿ, ಎಂಜಿನ್ ಎಳೆಯುವಾಗ ಮುಂಚಕ್ರಗಳು ತಾವಾಗಿ ಒಳಮುಖವಾಗುತ್ತವೆ.

ವೈರಿಂಗ್

ಹಳೆಯ ಕಾರಿಗೆ ಯಾಂತ್ರಿಕ ಕೇಸ್ ಹಾಕಿದರೆ ಸ್ಪೀಡೋಮೀಟರ್ ಗೇರ್ ಬಿಟ್ಟರೆ ಬೇರೆ ತಲೆನೋವಿಲ್ಲ. ಹೊಸ ಕಾರಿನಲ್ಲಿ ಎಬಿಎಸ್ ಮತ್ತು ಸ್ಟೆಬಿಲಿಟಿ ಕಂಟ್ರೋಲ್ ಮಾಡ್ಯೂಲುಗಳಿಗೆ ಆಲ್-ವೀಲ್ ಆವೃತ್ತಿಯ ಪ್ರೋಗ್ರಾಮ್ ಬೇಕು. ಇಲ್ಲದಿದ್ದರೆ ಮುಂಚಕ್ರಕ್ಕೆ ಬಲ ಹೋದದ್ದನ್ನು ಅವು ಜಾರುವಿಕೆ ಎಂದು ತಿಳಿದು ಬ್ರೇಕ್ ಹಿಡಿಯುತ್ತವೆ.

ಮೊದಲ ಓಟ

ನಾಲ್ಕೂ ಚಕ್ರ ಎತ್ತಿ, ಗಟ್ಟಿ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ. ಎಂಜಿನ್ ಬೇಡ. ಮುಂದಿನ ಶಾಫ್ಟನ್ನು ಕೈಯಿಂದ ತಿರುಗಿಸಿ ಚಕ್ರ ಯಾವ ಕಡೆ ತಿರುಗುತ್ತದೆ ನೋಡಿ, ಹಿಂದಿನದನ್ನೂ ಅದೇ ದಿಕ್ಕಿಗೆ ತಿರುಗಿಸಿ ಹೋಲಿಸಿ. ನಂತರ ಎಂಜಿನ್ ಹಾಕಿ ಐಡಲ್‌ನಲ್ಲಿ ಮಾತ್ರ ಓಡಿಸಿ. ಸ್ಟ್ಯಾಂಡ್ ಮೇಲಿದ್ದಾಗ ಆಕ್ಸಿಲರೇಟರ್ ಮುಟ್ಟಬೇಡಿ.

ಆಮೇಲೆ ಖಾಲಿ, ಒಣ ಮೈದಾನದಲ್ಲಿ ಗಂಟೆಗೆ 10ರಿಂದ 15 ಕಿ.ಮೀ. ವೇಗದಲ್ಲಿ ಎಂಟರ ಆಕಾರ ಸುತ್ತಿ. ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಯಾರೋ ಬ್ರೇಕ್ ಹಿಡಿದಂತೆ ಕಾರು ಕುಂಟಿದರೆ ನಡುವಿನ ಕಪ್ಲಿಂಗ್ ಅಂಟಿಕೊಂಡಿದೆ. ಟಕ್ ಟಕ್ ಎಂದರೆ ಹೊರಗಿನ ಸಿವಿ ಜಾಯಿಂಟ್ ತನ್ನ ಕೋನ ಮೀರುತ್ತಿದೆ, ಸ್ಟಿಯರಿಂಗಿಗೆ ತಡೆ ಹಾಕಿ ತಿರುವನ್ನು ಕಡಿಮೆ ಮಾಡಿ. ಎಳೆತದಲ್ಲಿ ಮಾತ್ರ ಗುಂಯ್ ಎನ್ನುವ ಸದ್ದು ಪಿನಿಯನ್ ಹೊಂದಾಣಿಕೆಯದು.

20 ಕಿ.ಮೀ. ಸಲೀಸಾಗಿ ಓಡಿಸಿ ನಿಲ್ಲಿಸಿ, ಟ್ರಾನ್ಸ್‌ಫರ್ ಕೇಸಿನ ಹೊರಮೈ ಬಿಸಿಯನ್ನು ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ನೋಡಿ. 120 ಡಿಗ್ರಿ ಸಮೀಪಿಸಿದ್ದರೆ ಅಲ್ಲೇ ನಿಲ್ಲಿಸಿ ಅನುಪಾತ, ಟೈರ್, ಎಣ್ಣೆ ಮೂರನ್ನೂ ಮತ್ತೆ ಪರೀಕ್ಷಿಸಿ. ಎಣ್ಣೆ ಆಯಾ ಕೇಸಿಗೆ ಹೇಳಿದ್ದೇ ಆಗಬೇಕು. ಕ್ಲಚ್ ಇರುವ ಕೇಸಿಗೆ ಸಾಮಾನ್ಯ ಗೇರ್ ಎಣ್ಣೆ ಹಾಕಿದರೆ ಫಲಕಗಳು ನಡುಗತೊಡಗುತ್ತವೆ. ದಾರಿಯಲ್ಲಿ ಕೆಟ್ಟು ನಿಂತರೆ ಎರಡು ಚಕ್ರ ಎತ್ತಿ ಎಳೆಸಬೇಡಿ, ಇಡೀ ಕಾರನ್ನು ಲಾರಿಯ ಮೇಲೆ ಹೇರಿಸಿ.

500 ಕಿ.ಮೀ. ಆದ ಮೇಲೆ ಎರಡು ಡಿಫರೆನ್ಷಿಯಲ್, ಟ್ರಾನ್ಸ್‌ಫರ್ ಕೇಸ್ ಮೂರೂ ಕಡೆಯ ಎಣ್ಣೆ ಇಳಿಸಿ ಅಯಸ್ಕಾಂತದ ಪ್ಲಗ್ ನೋಡಿ. ಬೂದಿಯಂಥ ನುಣ್ಣನೆಯ ಪುಡಿ ಅಂಟಿದ್ದರೆ ಒರೆಸಿ, ಹೊಸ ಎಣ್ಣೆ ತುಂಬಿ. ಬೆರಳಿಗೆ ಚುಚ್ಚುವ ಚೂರು ಸಿಕ್ಕಿದರೆ ಮುಚ್ಚಳ ತೆಗೆಯಿರಿ.